ಅಡಿಬರಹ

ನಮ್ಮ ಪತ್ರಿಕೆಯಲ್ಲಿ ಮೊದಲ ಮಳೆ ಅಂದರೆ
ಕೊಡೆ ಹಿಡಿದ ಇಬ್ಬರು ಕಾಲೇಜು ಹುಡುಗಿಯರು.
ಬಿಸಿಲು ಅಂದರೂ ಅವರೇ, ಮುಖಕ್ಕೆ ದುಪ್ಪಟ್ಟಾ.
ಮತದಾನಕ್ಕೆ ಶಾಯಿ ಹಚ್ಚಿದ ಅವರದೇ ಬೆರಳು.
ಹತ್ತನೇ ಇಯತ್ತೆಯ ಫಲಿತಾಂಶದ ದಿನ
ತಬ್ಬಿಕೊಂಡು ಜಿಗಿಯುತ್ತಾರೆ, ಮೇಲೆ ದಪ್ಪ ಅಕ್ಷರ:
ಈ ಸಲವೂ ಬಾಲಕಿಯರದೇ ಮೇಲುಗೈ.
ಆ ಕೈ ಮರುದಿನದಿಂದ ಎಲ್ಲಿಗೆ ಹೋಗುತ್ತದೋ
ಯಾವ ವರದಿಗಾರನೂ ಬೆನ್ನು ಹತ್ತಿಲ್ಲ.

ಹನ್ನೊಂದು ವರ್ಷವಾಯಿತು, ಕಾರವಾರದ ಗ್ರೀನ್ ಸ್ಟ್ರೀಟಿನ
ಮಹಡಿಯ ಮೇಲೆ, ಕಿರುಗುಡುವ ಫ್ಯಾನಿನ ಕೆಳಗೆ
ಪುಟ ಕಟ್ಟುವವಳು, ಪಟಗಳಿಗೆ ಅಡಿಬರಹ ಬರೆಯುವವಳು ನಾನು.
ಎಡದಿಂದ ಬಲಕ್ಕೆ ಹೆಸರು ಜೋಡಿಸುತ್ತ
ಅಧ್ಯಕ್ಷರು, ಉಪಾಧ್ಯಕ್ಷರು, ದಾನಿಗಳು,
ಆರತಿ ತಟ್ಟೆ ಹಿಡಿದವಳ ಹತ್ತಿರ ಬರುವಾಗ
ಜಾಗ ಮುಗಿದಿರುತ್ತದೆ.
'ಮತ್ತಿತರರು ಇದ್ದರು.'
ಅದನ್ನು ಒಂದೇ ಕೀಲಿಗೆ ಕಟ್ಟಿಟ್ಟಿದ್ದೇನೆ,
ಒತ್ತಿದರೆ ಸಾಕು, ಬರುತ್ತದೆ.

ವ್ಯಾಕರಣವೂ ನಮ್ಮ ಆಫೀಸಿನದು ಬೇರೆ.
ಸಚಿವರು ಬರುತ್ತಾರೆ, ಪಂಚಾಯಿತಿ ಸದಸ್ಯರು ಸೀನುತ್ತಾರೆ,
ಬಾವಿಗೆ ಬಿದ್ದವಳು ಮಾತ್ರ 'ಆಕೆ'.
'ಇಬ್ಬರು ಮಕ್ಕಳ ತಾಯಿ ಪರಾರಿ.'
ಜೊತೆಗೆ ಓಡಿದವನಿಗೆ ಎಷ್ಟು ಮಕ್ಕಳು ಅಂತ
ಒಮ್ಮೆ ಕೇಳಿದ್ದೆ. ಉಮಾಕಾಂತ ಸರ್ ನಕ್ಕರು,
ಚಹಾ ತರಿಸಿದರು.

ಕಾರ್ತಿಕದ ಒಂದು ಬೆಳಿಗ್ಗೆ, ಕಾಳಿ ಕಡಲಿಗೆ ಸೇರುವಲ್ಲಿ
ಪ್ರವಾಸಿಗರ ದೋಣಿ ಮಗುಚಿತು.
ಆರು ವರ್ಷದ ಹುಡುಗ. ಕೇಸರಿ ಜಾಕೆಟ್, ಬಕಲ್ ಹಾಕಿರಲಿಲ್ಲ.
ತಲೆಬರಹ ನಾನೇ ಕೊಟ್ಟೆ:
ಬಾಲಕನನ್ನು ರಕ್ಷಿಸಿದ ಸ್ಥಳೀಯರು.
ಪಟದಲ್ಲಿ ಬನಿಯನ್ನಿನ ನಾಲ್ವರು ಗಂಡಸರು
ಹುಡುಗನನ್ನು ಎತ್ತಿ ಹಿಡಿದಿದ್ದರು.
ಅಂಚಿನಲ್ಲಿ ಒಂದು ಒದ್ದೆ ಮೊಣಕೈ ಇತ್ತು.
ಕತ್ತರಿಸಿದೆ. ಚೌಕಟ್ಟಿಗೆ ಕೂರುತ್ತಿರಲಿಲ್ಲ.

ಮೂರನೆಯ ದಿನ ಅವಳೇ ಮೆಟ್ಟಿಲು ಹತ್ತಿ ಬಂದಳು,
ಕಂಕುಳಲ್ಲಿ ಮಡಚಿದ ಪತ್ರಿಕೆ,
ಬೆರಳ ತುಂಬ ಕಲ್ವಾ ಚಿಪ್ಪಿನ ಗೀರು.
ಕೋಡಿಬಾಗದ ಶೇವಂತಿ ತಾಂಡೇಲ.
ದೂರಲಿಲ್ಲ. ಕುರ್ಚಿ ತೋರಿಸಿದರೂ ಕೂರಲಿಲ್ಲ.
"ಬಾಯಿ, ಈ ಸ್ಥಳೀಯರು ಅಂದ್ರೆ ಯಾರು?
ಪೋರನ್ನ ಎಳೀವಾಗ ನನ್ನ ಉಳಿ ನೀರಿಗೆ ಬಿತ್ತು.
ಕಬ್ಬಿಣದ್ದು, ಹಿಡಿಗೆ ನೀಲಿ ನೈಲಾನ್ ಸುತ್ತಿದ್ದೆ.
ಊರೆಲ್ಲ ಕೇಳ್ದೆ, ಯಾರ ಹತ್ರಾನೂ ಇಲ್ಲ.
ನಿಮ್ಮ ಸ್ಥಳೀಯರ ಹತ್ರ ಇದ್ರೆ
ಒಂದು ಮಾತು ಹೇಳಿ ಕೊಡಿಸಿ."

'ರು' ಎಂಬ ಒಂದಕ್ಷರದ ಮರೆಯಲ್ಲಿ
ಸೊಂಟಮಟ್ಟ ನೀರಲ್ಲಿ ಎಷ್ಟು ಜನ ನಿಂತಿದ್ದಾರೋ.
ನಾನು ಅದನ್ನು ಮರ್ಯಾದೆ ಅಂದುಕೊಂಡಿದ್ದೆ.

ವಿಶೇಷ ಪುಟ ಮಾಡೋಣ ಅಂದರು ಸರ್,
'ಕಡಲ ಮಗಳು' ಅಂತ ಹೆಸರೂ ಇಟ್ಟರು.
ಫೋಟೋದ ವಿನಾಯಕ ಬುಟ್ಟಿ ತಂದ, ಅಬ್ಬಲಿ ದಂಡೆ ತಂದ.
"ಸ್ವಲ್ಪ ನಗು ಅಕ್ಕಾ. ಬುಟ್ಟಿ ಸೊಂಟದ ಮೇಲೆ.
ಸೆರಗು ಗಾಳಿಗೆ ಬಿಡು."
ಅವಳು ಬುಟ್ಟಿಯನ್ನು ತಿರುಗಿಸಿ ನೋಡಿದಳು.
"ಇದು ನಂದಲ್ಲ. ನಾನು ಗೋಣಿಯಲ್ಲಿ ತರೋದು.
ಸೆರಗು ಬಿಟ್ರೆ ಕಲ್ಲಿಗೆ ಸಿಕ್ಕಿ ಬೀಳ್ತೇನೆ."
ಇಳಿತ ಮುಗಿಯುವ ಹೊತ್ತು. ಮತ್ತೆ ಕಾಯಲಿಲ್ಲ,
ಬೆನ್ನು ಹಾಕಿ ನೀರಿಗಿಳಿದಳು.
ಕ್ಯಾಮೆರಾದಲ್ಲಿ ಸಿಕ್ಕದ್ದು ಇಷ್ಟೇ:
ಬಗ್ಗಿದ ಬೆನ್ನು, ಬಂಡೆ, ಒಂದು ಮೊಣಕೈ.

ಈ ಸಲ ಕತ್ತರಿಸಲಿಲ್ಲ.
'ಕಡಲ ಮಗಳು' ಅಳಿಸಿದೆ. ಸರ್ ಊಟಕ್ಕೆ ಹೋಗಿದ್ದರು.
ಏಳನೇ ಪುಟ, ಚಿನ್ನದಂಗಡಿಯ ಜಾಹೀರಾತಿನ ಪಕ್ಕ
(ಅಲ್ಲೊಬ್ಬ ಮದುಮಗಳು, ಹೆಸರಿಲ್ಲ, ಹಾರಕ್ಕೆ ಬೆಲೆ ಇದೆ)
ಎರಡು ಸಾಲು ಜಾಗ ಸಿಕ್ಕಿತು.

ಶೇವಂತಿ ತಾಂಡೇಲ, ಕಲ್ವಾ ತೆಗೆಯುವವಳು, ಕೋಡಿಬಾಗ.
ಬಾಲಕನನ್ನು ದಡಕ್ಕೆ ತಂದವಳು. ಉಳಿ ಸಿಕ್ಕವರು ತಿಳಿಸಿ.

ಎರಡು ಫೋನ್ ಬಂದವು.
ಒಬ್ಬ ಅವಳ ನಂಬರು ಕೇಳಿದ.
ಇನ್ನೊಂದು ಮಾಜಾಳಿಯಿಂದ, ಹೆಂಗಸಿನ ದನಿ, ಹಿಂದೆ ಗಾಳಿ:
"ಹೋದ ವರ್ಷ ನಂದೂ ಒಂದು ಹೀಗೇ ಬಿತ್ತು.
ನೈಲಾನ್ ಹಸಿರು.
ಅದನ್ನೂ ಹಾಕ್ತೀರಾ?"