ಕೊನೆಯ ಪುಟ

ನೀರುನಾಯಿ ಎಣಿಕೆಯ ವರದಿಯಲ್ಲಿ
ಕೊನೆಯ ಪುಟ ನನ್ನ ಪಾಲಿಗೆ ಬಂತು.
ಅಕ್ಷರ ದುಂಡಗಿದೆ ಎಂಬುದೊಂದೇ ಅರ್ಹತೆ.
'ಬೆಂಬಲಿಸಿದವರು' ಎಂದು ಬರೆದು, ಅಡಿಗೆರೆ ಎಳೆದು
ಕೂತಿದ್ದೇನೆ ಕೋಡಿಬಾಗದ ವಾಚನಾಲಯದಲ್ಲಿ,
ಫ್ಯಾನಿನ ಗಾಳಿಗೆ ಹಾಳೆ ಹಾರದಂತೆ
ಬಳಚಿನ ಚಿಪ್ಪೊಂದನ್ನು ಇಟ್ಟು.

'ಮೊತ್ತ' ಎಂಬ ಕಾಲಮ್ಮು ಮೊದಲೇ ತೊಡಕಾಯಿತು.
ಸುಂಕೇರಿಯ ಪಾಸ್ಕೋಲ್ ಫುರ್ತಾದೊ ಕೊಟ್ಟದ್ದು
ಬುಧವಾರದ ದೋಣಿ. ಬುಧವಾರ ಮಾತ್ರ.
ಉಳಿದ ದಿನ ಅದು ಮೀನಿನದ್ದೋ ಮರಳಿನದ್ದೋ,
ನಾವು ಕೇಳಲಿಲ್ಲ.

ಪೇಟೆಯಲ್ಲಿ ಮೀನು ಮಾರುವ ಶೇವಂತಿ ತಾಂಡೇಲ
ಇಪ್ಪತ್ತು ರೂಪಾಯಿ ಕೊಟ್ಟು ರಸೀದಿ ಕೇಳಿದಳು.
ರಸೀದಿಯ ಮೇಲಿನ ಹೆಸರು ಎರಡು ಸಲ ಓದಿಸಿಕೊಂಡು
ಮತ್ತೆ ಇಪ್ಪತ್ತು ಕೊಟ್ಟಳು, ಮೊಮ್ಮಗಳ ಹೆಸರಿಗೆ.

ದರ್ಜಿ ಇಸ್ಮಾಯಿಲ್ ಸಾಬರು ಶರ್ಟಿನ ತುಂಡುಗಳಲ್ಲಿ
ನಲವತ್ತು ಪುಟ್ಟ ಚೀಲ ಹೊಲಿದರು.
ಏನು ತುಂಬುತ್ತೀರಿ ಎಂದು ಕೇಳಿದರು. ಹಿಕ್ಕೆ ಎಂದೆವು.
ಕೇಳಿದ್ದೇ ತಪ್ಪಾಯಿತೆಂದು ನಕ್ಕು, ಹಲ್ಲಿನಿಂದ ದಾರ ಕಡಿದರು.
ಒಂದೊಂದಕ್ಕೂ ಗುಂಡಿ ಬೇರೆ.

ಕಡವಾಡದ ರುಕ್ಮಾಬಾಯಿ ಕೊಠಾರಕರ
ಎಣಿಕೆಯ ಮೂರು ರಾತ್ರಿ
ತನ್ನ ನಾಲ್ಕೂ ನಾಯಿಗಳನ್ನು ಒಳಗೆ ಕಟ್ಟಿದಳು.
ಹೊಳೆಬದಿಯಲ್ಲಿ ಒಂದು ಬೊಗಳೂ ಏಳಲಿಲ್ಲ.
ಆ ಮೌನವನ್ನು ಯಾವ ಮನೆಯಲ್ಲಿ ಜಮಾ ಮಾಡಲಿ?

ಇಳಿತದ ಹೊತ್ತಿಗೆ ಕಾಳಿಯ ದಡದಲ್ಲಿ
ಬಂಡೆಯಿಂದ ಬಂಡೆಗೆ, ಮೂಗು ಮುಚ್ಚಿ, ಅಲ್ಲ, ಮೂಗು ತೆರೆದು
ನಡೆದವರು ಹನ್ನೊಂದು ಜನ.
ಏಡಿಯ ಕೆಂಪು ಚೂರು, ಮೀನಿನ ಹುರುಪೆ,
ಕಾಂಡ್ಲಾ ಬೇರುಗಳ ನಡುವೆ ಕೆಸರಲ್ಲಿ ಐದು ಬೆರಳು.
ನೀರುನಾಯಿಯನ್ನೇ ಕಂಡವರು ಇಬ್ಬರು.
ನಾನು ಅವರಲ್ಲಿ ಇಲ್ಲ. ನಾನು ಕಂಡದ್ದು
ಅದರ ಮೇಲೆ ನೀರು ಮುಚ್ಚಿಕೊಂಡದ್ದನ್ನು.

ಇನ್ನು, ಕಿನ್ನರದ ಖೇಮು ಅಂಬಿಗರ ವಿಷಯ.

ಮೊದಲ ಸಭೆಗೆ ಹರಿದ ಬಲೆ ಹೊತ್ತು ತಂದು
ಚಹಾ ಕಪ್ಪುಗಳ ಮೇಲೆಯೇ ಸುರಿದವರು.
'ನಿಮ್ಮ ನಾಯಿಗೆ ಊಟ ಹಾಕುದು ನಾ,
ಲೆಕ್ಕ ಹಾಕುದು ನೀವು!'
ಯಾರಿಗೂ ಉತ್ತರ ಹೊಳೆಯಲಿಲ್ಲ.
ಮೇಜು ಒರೆಸಿದೆವು.

ಎಣಿಕೆ ಮುಗಿದ ವಾರ ಮತ್ತೆ ಬಂದರು,
ಕಂಕುಳಲ್ಲಿ ಸುರುಳಿ ಸುತ್ತಿದ ಹಳೆಯ ಕ್ಯಾಲೆಂಡರುಗಳು,
ಒಂಬತ್ತು ವರ್ಷದವು, ಮೀನುಗಾರರ ಸೊಸೈಟಿಯವು.
ಬಲೆ ಹರಿದ ದಿನಕ್ಕೆಲ್ಲ ಸೀಸದ ಗುರುತು:
'ಅಮಾಸೆ ಹಿಂದಿನ ದಿನ. ಕಣ್ಣು ಆರು ಹರಿದದ್ದು. ದೊಡ್ಡದು ಒಂದು.'
'ಭರತದ ನೀರು. ಮರಿ ಎರಡು ಸಂಗ್ತಿಗೆ.'
ಪರಿಹಾರಕ್ಕೆಂದು ಬರೆದಿಟ್ಟದ್ದಂತೆ.
ಇಷ್ಟು ವರ್ಷ ಕೇಳಲು ಯಾರೂ ಬರಲಿಲ್ಲವಂತೆ.

ನಮ್ಮ ಮೂರು ರಾತ್ರಿ, ನಲವತ್ತು ಚೀಲ,
ಎಲ್ಲವೂ ಆ ಒಂದು ಕ್ಯಾಲೆಂಡರಿನ
ಒಂದು ತಿಂಗಳಿಗೆ ಸಮವಾಗಲಿಲ್ಲ.

ಹಾಳೆ ತಿರುವುತ್ತ ತಿರುವುತ್ತ ನಾಲ್ಕನೆಯ ವರ್ಷದಲ್ಲಿ ನಿಂತೆ.
ಜೂನಿನಿಂದ ಬಲೆಯ ಗುರುತಿಲ್ಲ.
ಬಲೆ ಇಡಿಯಾಗಿದೆ, ಹೊಲಿಗೆಯ ಖರ್ಚಿಲ್ಲ,
ಆದರೂ ಚೌಕದಿಂದ ಚೌಕಕ್ಕೆ
ಅದೇ ಸೀಸದಲ್ಲಿ, ಅದೇ ಒತ್ತಿ ಬರೆದ ಅಕ್ಷರದಲ್ಲಿ:
'ಬರಲಿಲ್ಲ.'
'ಬರಲಿಲ್ಲ.'
'ಇವತ್ತೂ ಇಲ್ಲ.'
ಗಣೇಶ ಚವತಿಯ ಕೆಂಪು ಅಂಕಿಯ ಕೆಳಗೂ: 'ಇಲ್ಲ.'
ಅಕ್ಟೋಬರ್ ಒಂಬತ್ತಕ್ಕೆ, ಅಡ್ಡಡ್ಡ, ದೊಡ್ಡದಾಗಿ:
'ಬಂತು. ಬಲೆ ಪೂರ್ತಿ ಹೋಯ್ತು.'

ತಲೆಯೆತ್ತಿದೆ. ಅವರು ಕಿಟಕಿಯಾಚೆ
ಸದಾಶಿವಗಡದ ಗುಡ್ಡ ನೋಡುತ್ತಿದ್ದರು,
ಹೊಸದಾಗಿ ನೋಡುವುದೇನೋ ಇದ್ದವರಂತೆ.

ನಿಮ್ಮ ಹೆಸರು ಈ ಪುಟಕ್ಕೆ ಸೇರಿಸಲೇ ಎಂದೆ.
'ಬೆಂಬಲ ಗಿಂಬಲ ಎಂತದೂ ಇಲ್ಲ' ಎಂದರು.
ಬಾಗಿಲವರೆಗೆ ಹೋಗಿ, ಚಪ್ಪಲಿ ಮೆಟ್ಟಿ,
'ಬರೂದೇ ಆದ್ರೆ ಬಾಕಿ ಅಂತ ಬರಿ.'

ಬರೆದೆ.
ಖೇಮು ಅಂಬಿಗ, ಕಿನ್ನರ.
ಮೊತ್ತದ ಕಾಲಮ್ಮಿನಲ್ಲಿ: ಬಲೆ ಏಳು. ಬಾಕಿ.