ಸಿಕ್ಕಿಕೊಂಡ ತೋಟಾ

ಮೇಜಿನ ಮೇಲೆ ಕೋವಿ ಇಟ್ಟ ರೀತಿಯಲ್ಲೇ ತಿಳಿಯಿತು,
ಚೋಂದಮ್ಮನಿಗೆ ಅದರ ಮೇಲೆ ಸಿಟ್ಟು.
ಪೊಲೀಸಿನವರು ಕಳ್ಳನನ್ನು ಬೆಂಚಿಗೆ ಕೂರಿಸುವ ಹಾಗೆ
ಇಟ್ಟಳು.

ಖಾಲಿಯೇ? ಖಾಲಿ ಅಂದಳು.
ಆದರೂ ಲಿವರ್ ಇಳಿಸಿ, ಕಿರುಬೆರಳು ತೂರಿಸಿ ನೋಡಿದೆ.
ವಿರಾಜಪೇಟೆಯಲ್ಲಿ ಮೂವತ್ತೆಂಟು ವರ್ಷ ಕೋವಿ ಬಿಚ್ಚಿದವನು ನಾನು,
ಐರಿಗಳ ಮನೆಯವನು; ಹತ್ತೂ ಬೆರಳು ಉಳಿದಿರುವುದು
ಯಾರ ಮಾತನ್ನೂ ನಂಬದ್ದರಿಂದ.

'ಗುಂಡು ಹೋಗುತ್ತದೆ, ತೋಟಾ ಬರುವುದಿಲ್ಲ.'
ನಮ್ಮ ಕಡೆ ತೋಟಕ್ಕೂ ತೋಟಾಕ್ಕೂ
ಒಂದು ದೀರ್ಘದ ಅಂತರ;
ಜಗಳ ಮೊದಲನೆಯದರಲ್ಲಿ ಶುರುವಾಗಿ
ಎರಡನೆಯದರಲ್ಲಿ ಮುಗಿದದ್ದೂ ಉಂಟು.

ಬರುವುದಿಲ್ಲ ಅಂದರೆ ಎಲ್ಲಿಯವರೆಗೆ ಬರುವುದಿಲ್ಲ?
ನಳಿಗೆಯ ಬುಡದಲ್ಲೇ ಕೂತರೆ ಕೊಕ್ಕೆಯ ದೋಷ,
ಹೊಸಿಲವರೆಗೆ ಬಂದು ನಿಂತರೆ ಒದೆಯುವ ಪಟ್ಟಿಯದು.
ಎಳೆಯುವವನೇ ಬೇರೆ, ಎಸೆಯುವವನೇ ಬೇರೆ.
ಲಿವರನ್ನು ಅರ್ಧಕ್ಕೇ ಹಿಂದೆಗೆಯುವ ಅಂಜುಬುರುಕ ಕೈಗಳೂ ಇವೆ,
ಅವಕ್ಕೆ ನನ್ನಲ್ಲಿ ಅರವಿಲ್ಲ.

ಮದ್ದಿಲ್ಲದ ಸುಳ್ಳು ತೋಟಾ ಹಾಕಿ
ನಿಧಾನ ಎಳೆದೆ. ಬಂತು, ನಿಂತಿತು.
ಜೋರಾಗಿ ಎಳೆದೆ. ಬಂತು, ನಿಂತಿತು,
ಊಟ ಮುಗಿದರೂ ಏಳಲೊಲ್ಲದ ಭಾವನ ಹಾಗೆ.
ಹಿತ್ತಾಳೆಯ ಅಂಚಿನಲ್ಲಿ ಹಲ್ಲಿನ ಗುರುತು ಹೊಳೆಯುತ್ತಿತ್ತು:
ಕೊಕ್ಕೆ ನಿರಪರಾಧಿ.

ತಿರುಪು ಬಿಚ್ಚುತ್ತಿದ್ದಾಗ ತಾನಾಗಿ ಬಾಯಿಬಿಟ್ಟಳು.
'ಅಪ್ಪ ಹೇಳಿದ್ದರು, ನಾನು ಹೋದ ದಿನ
ನನ್ನ ತೋಕಲ್ಲೇ ಹೊಡೆಯಬೇಕು, ಬೇರೆಯವರದು ಬೇಡ.
ಅಂಗಳದಲ್ಲಿ ನಿಂತು ನಾನೇ ಹೊಡೆದೆ.
ಒಂದು.'

ನನ್ನ ಕೈ ನಿಂತಿತು.
ಎರಡು ಗುಂಡು ಅಂದರೆ ಇಲ್ಲಿ ಸಾವು.
ಒಂದೇ ಅಂದರೆ, ಗಂಡು ಹುಟ್ಟಿದೆ.

'ಖಾಲಿ ತೋಟಾ ಅಡ್ಡ, ಅದರಡಿಗೆ ಹೊಸತು ಏರಿ ಕಚ್ಚಿಕೊಂಡು,
ಮೊಣ್ಣಪ್ಪ ಪೆನ್ನಿನ ತುದಿಯಿಂದ ಮೀಟುತ್ತಾ ಕೂತ.
ಜನ ಕಾಯುತ್ತಿದ್ದರು.
ಅಷ್ಟರಲ್ಲಿ ಗದ್ದೆ ದಾಟಿ ಪಾಲವ್ವಜ್ಜಿ
(ಕಣ್ಣು ಮಂಜು, ಕಿವಿ ಚುರುಕು)
ಜೇನಿನ ಸೀಸೆ ಹಿಡಿದು ನಗುತ್ತ ಬಂದರು:
ಯಾರಿಗೆ ಮಗು?
ಸೀಸೆ ಇನ್ನೂ ಅಡುಗೆಮನೆಯಲ್ಲಿದೆ.'

ಕೈಯಲ್ಲಿ ಕೆಲಸವಿದ್ದರೆ ಅದೊಂದು ಅನುಕೂಲ,
ಏನೂ ಅನ್ನದೆ ಇರಬಹುದು.

ಒಳಗೋಡೆಯ ಎಡಕ್ಕೆ, ಪಟ್ಟಿಯ ತುದಿ ಇಲ್ಲ.
ಅಯಸ್ಕಾಂತ ಆಡಿಸಿದೆ; ಹಳೆ ಎಣ್ಣೆಯ ಜಿಡ್ಡಿನಿಂದ
ಅರ್ಧ ಭತ್ತದಷ್ಟು ಉಕ್ಕು ಎದ್ದು ಬಂತು.
ಹೊಸ ಮುರಿತ ಬೆಳ್ಳಗಿರುತ್ತದೆ.
ಇದು ಕಪ್ಪು.
'ನಿನ್ನೆ ಮೊನ್ನೆಯದಲ್ಲ, ನಿಮ್ಮ ಮದುವೆಗೂ ಮುಂಚಿನದು,' ಅಂದೆ.
'ನಿಮ್ಮಪ್ಪನಿಗೆ ಗೊತ್ತಿತ್ತು.'

ಬಹಳ ಹೊತ್ತು ಕೋವಿಯನ್ನೇ ನೋಡಿದಳು.
'ಹೊಡೆದ ಮೇಲೆ ಬಲಕ್ಕೆ ಮಗುಚುತ್ತಿದ್ದರು,
ಲೋಟದ ಚರಟ ಚೆಲ್ಲುವ ಹಾಗೆ.
ಕೈಲ್‌ಪೊಳ್ದಿನ ದಿನ, ನಳಿಗೆಯ ತೋಕ್‌ಪೂ ತೆಗೆದಿಟ್ಟು
ಮರದ ತುದಿಯ ತೆಂಗಿನಕಾಯಿ ಒಡೆದಾಗಲೂ.
ನಾವು ಮಕ್ಕಳು ಕೋಲು ಹಿಡಿದು ಅದನ್ನೇ ಅಭ್ಯಾಸ ಮಾಡುತ್ತಿದ್ದೆವು,
ಠೀವಿ ಅಂದುಕೊಂಡು.'

ಗಡಿಯಾರದ ಹಳೆ ಸ್ಪ್ರಿಂಗ್ ಕತ್ತರಿಸಿ, ಅರ ಹಾಕಿ,
ಕೆಂಪಗೆ ಕಾಸಿ ಎಣ್ಣೆಗಿಳಿಸಿ, ಮತ್ತೆ ಮೆಲ್ಲಗೆ ಕಾಸಿ
ನವಿಲಿನ ಕತ್ತಿನ ನೀಲಿ ಬಂದಾಗ ತೆಗೆದೆ.
ಅದಕ್ಕೆ ಮುಂಚಿನ ಎರಡು ಮುರಿದವು;
ಲೆಕ್ಕಕ್ಕೆ ಹಿಡಿಯಲಿಲ್ಲ.
ಸುಳ್ಳು ತೋಟಾ ಚಿಮ್ಮಿ, ಕ್ಯಾಲೆಂಡರಿಗೆ ಬಡಿದು
ಕಪಾಟಿನಡಿ ಹೋಯಿತು.

ನೀವೇ ಎಳೆದು ನೋಡಿ, ಇನ್ನೊಂದು ಕೊಟ್ಟೆ.
ಏಳು ಸಲ ಎಳೆದಳು. ಏಳು ಸಲವೂ ಹಾರಿತು.
ಪ್ರತಿ ಸಲವೂ, ಹಾರಿ ಹೋದ ಮೇಲೆ,
ಕೋವಿಯನ್ನು ಬಲಕ್ಕೆ ಮಗುಚಿದಳು.

ಇನ್ನು ಬೇಕಿಲ್ಲ ಅನ್ನಬೇಕಿತ್ತು.
ರಸೀದಿ ಬರೆಯುತ್ತಿದ್ದೆ.