ಲಾಟ್ ನಂಬರ್ ನೂರಾ ಹದಿನೇಳು

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ ಹರಾಜು ಮುಗಿದಿತ್ತು.
ಜಾಲರಿಗಳು ಖಾಲಿ, ನೆಲದ ಮೇಲೆ ಬಿಳಿ ನವಿರು,
ನನ್ನ ಪರದೆಯ ಮೇಲೆ ಅರ್ಧ ಚಿತ್ರವೂ ಇಲ್ಲ,
ಹರಿದ ಕಾಗದದ ಗುರುತೊಂದು, ಅಷ್ಟೆ.

ಮೊನ್ನೆ ಮೇಲಿನ ರೇಟು ಪಿಳ್ಳಮುನಿಯಮ್ಮನ ಲಾಟಿಗೇ.
ಗೂಡಿನ ಪಕ್ಕ ನಿಂತಿದ್ದಳು, ಬೆರಳಲ್ಲಿ ಸೊಪ್ಪಿನ ಕರೆ,
"ಗೂಡು ಹಿಡಿ ಸಾಕು, ನನ್ ಮುಖ ಯಾಕೆ?"
ಎರಡನ್ನೂ ಹಿಡಿದಿದ್ದೆ.
ಈಗ ಬಂದು ಕೂತಿದ್ದಾಳೆ:
"ಎಲ್ಲಿ ತಾಜೂ, ತೋರ್ಸು."

ಫೋನು ಬಿಡುವಾಗ ಎರಡು ಲಕ್ಷ ಹನ್ನೊಂದು ಸಾವಿರ ಬೈಟು,
ಕ್ಲೌಡಿನಲ್ಲಿ ತೂಗಿದರೆ ಮೂರು ಲಕ್ಷ ಎಂಬತ್ತು.
ತಕ್ಕಡಿಯ ಹುಸೇನಣ್ಣ ಕೇಳಿದರೆ ನಗುತ್ತಾನೆ.
ದಾರಿಯಲ್ಲಿ ಗೂಡು ತೂಕ ಇಳಿಯುವುದುಂಟು;
ಏರಿದರೆ ಯಾರೋ ನೀರು ಚಿಮುಕಿಸಿದ್ದಾರೆ ಎಂದೇ ಲೆಕ್ಕ.

ಚಿಮುಕಿಸಿದ್ದು ನಾನೇ.

ರಾತ್ರಿ ಫೈಲಿನ ಹೊಟ್ಟೆ ಬಿಚ್ಚಿ ನೋಡಿದೆ.
ಮೊದಲಿಗೆ ಎಫ್‌ಎಫ್, ಡಿ ಎಂಟು ಇರಬೇಕು,
ಜೇಪೆಗ್ಗಿನ ಹಣೆಬೊಟ್ಟು ಅದು.
ಅಲ್ಲಿ ಇಎಫ್ ಬಿಎಫ್ ಬಿಡಿ, ಮತ್ತೆ ಇಎಫ್ ಬಿಎಫ್ ಬಿಡಿ,
ಕಪ್ಪು ವಜ್ರದೊಳಗೆ ಸಿಕ್ಕಿಕೊಂಡ ಪ್ರಶ್ನೆಚಿಹ್ನೆ,
ಸಾವಿರ, ಹತ್ತು ಸಾವಿರ, ಎಣಿಸುವುದ ಬಿಟ್ಟೆ.

ನಲವತ್ತೇಳನೇ ಸಾಲಿನಲ್ಲಿ ಟೆಕ್ಸ್ಟ್ ಎಂದು ಬರೆದಿದ್ದೆ,
ಇಂಗ್ಲಿಷಿನ ನಾಲ್ಕೇ ಅಕ್ಷರ.
ಜಾವಾಸ್ಕ್ರಿಪ್ಟು ಹೇಳಿದ್ದು ಕೇಳುವ ಮಗು,
ಹೆಬ್ಬೆಟ್ಟೊತ್ತುವ ಹೆಂಗಸನ್ನು
ಅಕ್ಷರವೆಂದು ಓದಲು ಕೂತಿತು.
ಅವಳ ಕೆನ್ನೆ, ಸೊಪ್ಪಿನ ಕರೆ, ಗೂಡಿನ ಹೊಳಪು
ಯಾವ ಲಿಪಿಗೆ ಸಿಕ್ಕಾವು?
ಓದಲಾಗದ್ದಕ್ಕೆಲ್ಲ ಪ್ರಶ್ನೆಚಿಹ್ನೆ ಇಟ್ಟು
ಕೈ ತೊಳೆದುಕೊಂಡಿತು.

ಟೆಕ್ಸ್ಟ್ ಅಳಿಸಿ ಅರೇಬಫರ್ ಎಂದೆ.
ಓದಬೇಡ, ಹಾಗೇ ಎತ್ತಿಕೋ, ಹಾಗೇ ಒಯ್ಯಿ,
ಚಂದ್ರಿಕೆಯಿಂದ ಗೂಡು ಬಿಡಿಸುವವರ ಹಾಗೆ, ಹಿಸುಕದೆ.
ಪರೀಕ್ಷೆಗೆ ಟೀ ಲೋಟದ ಫೋಟೊ ಕಳಿಸಿದೆ.
ಹೋಯಿತು, ಬಂತು, ತೂಗಿದೆ: ಒಂದು ಬೈಟೂ ಹೆಚ್ಚಿಲ್ಲ.
ಅಂಚಿನ ಸೀಳು ಸಹಿತ ಬಂದಿತ್ತು ಲೋಟ.

ಹಳೆಯವು?
ತಾನು ನುಂಗಿದ ಬೈಟು ಯಾವುದೆಂದು
ಪ್ರಶ್ನೆಚಿಹ್ನೆಗೆ ನೆನಪಿಲ್ಲ.
ಫೋನಿನಲ್ಲಿ ಜಾಗ ಸಾಲದೆ ಮೂಲವನ್ನು ಅಳಿಸಿದ್ದೆ.
ಗೂಡಂತೂ ಮುನೀರ್ ಪಾಷಾರ ಬಾಣಲೆಯಲ್ಲಿ ಬೆಂದು
ನೂಲಾಗಿ, ಲಡಿಯಾಗಿ, ಊರು ಬಿಟ್ಟಾಗಿದೆ.

ಅವಳಿಗೆ ಹೇಳಿದೆ, ಅರ್ಧ ಕನ್ನಡ, ಅರ್ಧ ತೆಲುಗು.
ತುಂಬ ಹೊತ್ತು ಹರಿದ ಕಾಗದವನ್ನೇ ನೋಡಿದಳು.
"ಎಳೆ ತುದಿ ತಪ್ಪೋಯ್ತಾ?"
"ಹೂಂ."
"ಇನ್ನೊಂದ್ ಬೆಳೆಗೆ ಬರ್ತೀನಿ ಬಿಡು,
ಇಪ್ಪತ್ತೆಂಟು ದಿನ ಎಷ್ಟೊತ್ತು,
ಆವಾಗ ಕೆಂಪು ಸೀರೆ ಉಟ್ಕೊಂಡ್ ಬರ್ತೀನಿ."

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ
ಮತ್ತೊಮ್ಮೆ ಪರದೆಯತ್ತ ಬಗ್ಗಿದಳು:
"ಲೋಟದ್ದು ಮಾತ್ರ ಚೆನ್ನಾಗ್ ಬಂದದೆ."